ಯಾವ ಅಧ್ಯಾಯ

ಅಪ್ಪನಿಗೆ ಅರವತ್ತೆಂಟು. ಹಟ ಹಿಡಿದು ತಮ್ಮ ಬ್ಯಾಗು ತಾವೇ ಹೊತ್ತಿದ್ದರು. ಕ್ಯಾಲಿಫೋರ್ನಿಯಾದ ಲಾಸೆನ್ ವೋಲ್ಕ್ಯಾನಿಕ್ ನ್ಯಾಷನಲ್ ಪಾರ್ಕಿನಲ್ಲಿ ಬ್ಯೂಟ್ ಲೇಕಿನಿಂದ ಸ್ನ್ಯಾಗ್ ಲೇಕಿಗೆ ನಡೆದು, ರಾತ್ರಿ ಟೆಂಟಿನಲ್ಲಿ ಮಲಗುವುದು ಅಣ್ಣನ ಯೋಜನೆ. ಕರಡಿಗೆ ಬಿಚ್ಚಲಾಗದ ಡಬ್ಬಿಯೊಳಗೆ ಅಮ್ಮನ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

ದಾರಿಯಲ್ಲಿ ಸಿಂಡರ್ ಕೋನ್ ಸಿಗುತ್ತದೆ. ಸುಮಾರು 1666ರಲ್ಲಿ ಸ್ಫೋಟಿಸಿದ, 700 ಅಡಿಯ ಕಪ್ಪು ಗುಡ್ಡ. ಮೈಯೆಲ್ಲ ಕಿಟ್ಟದಂಥ ಸಡಿಲ ಕಲ್ಲು. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ಅಣ್ಣ, ಅಮ್ಮ ಮುಂದೆ ಹೋದರು. ಅರ್ಧದಲ್ಲಿ ಅಪ್ಪ ಕೂತುಬಿಟ್ಟರು. ಬ್ಯಾಗು ಕೇಳಿದೆ, ಕೊಡಲಿಲ್ಲ.

"ಥೀಸಿಸ್ ಎಲ್ಲಿಗೆ ಬಂತು?" ಎಂದರು.

ನನ್ನದು ಆರನೇ ವರ್ಷ. ಈ ಪ್ರಶ್ನೆಗೆ ಹೆದರಿಯೇ ಫೋನಿನಲ್ಲಿ ಬೇಗ ಮಾತು ಮುಗಿಸುತ್ತಿದ್ದೆ. ಅಲ್ಲಿ ಓಡಿಹೋಗುವ ಹಾಗಿರಲಿಲ್ಲ.

"ಒಂದು ಅಧ್ಯಾಯ ಪೂರಾ ತೆಗೆದು ಹಾಕೀನ್ರಿ ಅಪ್ಪಾ. ಬಿಟ್ಟ ಬಿಡಬೇಕು ಅನಸಾಕತ್ತೈತಿ."

ಅವರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ಬ್ಯಾಗಿನ ಪಟ್ಟಿ ಬಿಚ್ಚಿ ನನ್ನ ಕಡೆ ತಳ್ಳಿದರು.

ನಾವಿಬ್ಬರೂ ಇಳಿದು ಗುಡ್ಡದ ಬುಡ ಸುತ್ತಿ ಹೋದೆವು. ಅಲ್ಲಿ ಕೆಂಪು, ಕಿತ್ತಳೆ ದಿಬ್ಬಗಳು: ಇನ್ನೂ ಬಿಸಿಯಿದ್ದ ಲಾವಾದ ಮೇಲೆ ಬೂದಿ ಬಿದ್ದು ಬಣ್ಣ ತಿರುಗಿದ್ದಂತೆ. ಅಪ್ಪ ಎರಡು ಸಲ ನಿಂತು ನೋಡಿದರು. ಮಂಡಿನೋವಿಗೆ ಅದೊಂದು ನೆಪವೂ ಇರಬಹುದು.

ಸ್ನ್ಯಾಗ್ ಲೇಕ್ ಲಾವಾ ತೊರೆಗೆ ಅಡ್ಡಗಟ್ಟಿ ಆದ ಕೆರೆ. 2021ರ ಡಿಕ್ಸಿ ಕಾಳ್ಗಿಚ್ಚು ಪಾರ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ಸುಟ್ಟಿದೆ. ಗಾಳಿಗೆ ಬಿದ್ದಾವೆಂದು ಸುಟ್ಟ ಮರಗಳಿಂದ ದೂರ ಟೆಂಟು ಹಾಕಿದೆವು. ರೊಟ್ಟಿ ಪುಡಿಪುಡಿಯಾಗಿತ್ತು, ಹಿಂಡಿ ಕಲಸಿ ತಿಂದೆವು.

ಎಲ್ಲರೂ ಮಲಗಿದರೆಂದುಕೊಂಡಾಗ ಪಕ್ಕದ ಟೆಂಟಿನಿಂದ ಅಪ್ಪನ ದನಿ:

"ತೆಗೆದೆ ಅಂದೆಲ್ಲ, ಯಾವ ಅಧ್ಯಾಯ ಅದು?"