ಎಂಕ್ ಗೊತ್ತುಂಡು

ನಮ್ಮ ಟೀಮಿಗೆ ಕಾಪು ಕಡೆಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಾಳೆ. ಬಿಇ ಮುಗಿಸಿ ನೇರ ಮಣಿಪಾಲಕ್ಕೆ ಬಂದವಳು. ಕೋಡ್ ಚಂದ ಬರೀತಾಳೆ. ಆದರೆ ಬೆಳಿಗ್ಗೆ 10 ಗಂಟೆಯ ಮೀಟಿಂಗಿನಲ್ಲಿ ಅವಳ ಸರದಿ ಬಂದ ಕೂಡಲೇ ಸ್ವರವೇ ಹೊರಡುವುದಿಲ್ಲ. ಮೊನ್ನೆ 'ದ ಇಶ್ಯೂ ಈಸ್...' ಅಂತ ಶುರು ಮಾಡಿ ನಿಂತಳು. ಪಾಪ ಅಂತ ನಾನೇ ಆ ವಾಕ್ಯ ಮುಗಿಸಿಬಿಟ್ಟೆ. ಅವಳು 'ಯೆಸ್ ಸರ್' ಅಂದಳು. ಸಂಜೆ ನೋಡಿದರೆ ನಾನು ಹೇಳಿದ ಇಶ್ಯೂ ಬೇರೆ, ನಿಜವಾದದ್ದೇ ಬೇರೆ. ಅವಳಿಗದು ಬೆಳಿಗ್ಗೆಯೇ ಗೊತ್ತಿತ್ತು ಮಾರಾಯ್ರೆ!

ಬಸ್ಸಿನಲ್ಲಿ ಹಿರಿಯಡ್ಕ ದಾಟುವವರೆಗೂ ಅದೇ ತಲೆಯಲ್ಲಿ. ಯಾಕೆಂದರೆ ಆ 'ಯೆಸ್ ಸರ್' ನನಗೆ ಹೊಸತಲ್ಲ.

ನಾನು ಕಾರ್ಕಳದ ಹತ್ತಿರದ ಹಳ್ಳಿಯವನು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. 2003ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ಸೈನ್ಸ್ ಸೇರಿದಾಗ ಎಲ್ಲವೂ ರಾತ್ರಿ ಬೆಳಗಾಗುವುದರೊಳಗೆ ಇಂಗ್ಲಿಷ್. ಕಾಲೇಜಿನ ಹೆಸರು ಬೇಡ. ಮೊದಲ ವಾರವೇ ಲೆಕ್ಚರರ್ ನನ್ನನ್ನು ಎಬ್ಬಿಸಿ 'ಆಕ್ಸಿಲರೇಷನ್ ಅಂದರೇನು' ಅಂತ ಇಂಗ್ಲಿಷಿನಲ್ಲಿ ಕೇಳಿದರು. ವೇಗೋತ್ಕರ್ಷ ಅಂತ ಕೇಳಿದ್ದರೆ ನಿದ್ದೆಯಲ್ಲಿ ಎಬ್ಬಿಸಿದರೂ ಹೇಳುತ್ತಿದ್ದೆ. ಎರಡೂ ಒಂದೇ ಅಂತ ನನಗೆ ಗೊತ್ತಿರಲಿಲ್ಲ. 'ಕನ್ನಡ ಮೀಡಿಯಮ್ಮಾ? ಕೂತ್ಕೋ' ಅಂದರು. ಕ್ಲಾಸ್ ನಕ್ಕಿತು. ಅವರು ಕೆಟ್ಟವರೇನೂ ಅಲ್ಲ, ಪೋರ್ಷನ್ ಮುಗಿಸುವ ಗಡಿಬಿಡಿ. ಆದರೆ ಆಮೇಲೆ ಎರಡು ವರ್ಷ ನಾನು ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅರ್ಥ ಆಗದ್ದಕ್ಕೂ ತಲೆ ಆಡಿಸಿದೆ. ಸಿಇಟಿಯಲ್ಲಿ ಸೀಟು ಬಂತು, ಇಂಜಿನಿಯರಿಂಗ್ ಮುಗಿಯಿತು, ಕೆಲಸವೂ ಸಿಕ್ಕಿತು. ಆ ತಲೆ ಆಡಿಸುವ ಅಭ್ಯಾಸ ಮಾತ್ರ ಬಹಳ ಕಾಲ ಬಿಡಲಿಲ್ಲ.

ವಿಚಿತ್ರ ಏನೆಂದರೆ, ಪ್ರೈಮರಿಯಲ್ಲಿ ನಾನು ಹಾಗಿರಲೇ ಇಲ್ಲ. ಅದಕ್ಕೆ ಕಾರಣ ಆರನೇ ಕ್ಲಾಸಿನ ಟೀಚರ್. ವಿಜ್ಞಾನದ ಪಾಠ. ಬಾಷ್ಪೀಕರಣ ಅನ್ನುವ ಶಬ್ದ ಹೇಳುವ ಮೊದಲೇ ಅವರು ಕೇಳಿದ್ದು, 'ನಿಮ್ಮ ಅಂಗಳದಲ್ಲಿ ಹಾಕಿದ ಅಡಿಕೆ ಒಣಗ್ತದಲ್ಲ, ಅದರೊಳಗಿನ ನೀರು ಎಲ್ಲಿಗೆ ಹೋಗ್ತದೆ?' ಹಣ್ಣಡಿಕೆಯ ಮೂಟೆ ಎತ್ತಲಿಕ್ಕೆ ಇಬ್ಬರು ಬೇಕು, 40 ದಿನ ಒಣಗಿದ ಮೇಲೆ ಅದನ್ನೇ ಅಜ್ಜ ಒಬ್ಬರೇ ಎತ್ತುತ್ತಿದ್ದರು. ನನಗೆ ಗೊತ್ತಿತ್ತು. 'ಎಂಕ್ ಗೊತ್ತುಂಡು ಟೀಚರ್, ಅವು ಗಾಳಿಗ್ ಪೋಪುಂಡು' ಅಂದೆ. ಶಾಲೆಯಲ್ಲಿ ತುಳು ಮಾತಾಡಿದರೆ ಬೈಸಿಕೊಳ್ಳುತ್ತಿದ್ದ ಕಾಲ. ಟೀಚರ್ ಬೈಯಲಿಲ್ಲ. ಬೋರ್ಡಿನಲ್ಲಿ 'ಅದು ಗಾಳಿಗೆ ಹೋಗುತ್ತದೆ' ಅಂತ ಬರೆದು, ಪಕ್ಕದಲ್ಲಿ ನನ್ನ ಹೆಸರು ಬರೆದರು. ಅದರ ಕೆಳಗೆ ಬಾಷ್ಪೀಕರಣ. ಆ ದಿನ ಮಧ್ಯಾಹ್ನ ಬೋರ್ಡ್ ಒರೆಸುವ ಪಾಳಿ ನನ್ನದೇ ಆಗಿತ್ತು. ಒರೆಸಲು ಮನಸ್ಸಾಗಲಿಲ್ಲ.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ನಿವೃತ್ತರಾಗಿ ವರ್ಷಗಳಾದವು, ಕಾರ್ಕಳ ಪೇಟೆಯಲ್ಲೇ ಇದ್ದಾರೆ. ಅಡಿಕೆಯ ಕತೆ ಹೇಳಿದೆ. ಅವರಿಗೆ ನೆನಪೇ ಇಲ್ಲ!

'ಆದ್ರೆ ಬೇಕಂತಲೇ ಹಾಗೆ ಮಾಡ್ತಿದ್ದೆ' ಅಂದರು. 'ನಮ್ಮದು ಕೊಂಕಣಿ ಅಲ್ವಾ. ನನಗೂ ಸಣ್ಣದಿರುವಾಗ ಕನ್ನಡ ಅಂದ್ರೆ ಹೆದರಿಕೆಯೇ. ಉತ್ತರ ಬರ್ತಿತ್ತು, ಬಾಯಿ ಬರ್ತಿರ್ಲಿಲ್ಲ.'

ಇಡೀ ಕ್ಲಾಸಿಗೆ ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಅದೇ ನಾಲ್ಕು ಕೈಗಳು ಏಳುತ್ತಿದ್ದವಂತೆ. ಅದಕ್ಕೆ ಮೊದಲು ಪಕ್ಕದವನ ಕಿವಿಯಲ್ಲಿ ಉತ್ತರ ಹೇಳಿಸುತ್ತಿದ್ದರು, ಆಮೇಲೆ ಎದ್ದು ನಿಲ್ಲಿಸುತ್ತಿದ್ದರು. ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಿದ್ದರು. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಕ್ಲಾಸುಗಳಲ್ಲಿ ಕೂತು ಅಳೆದಿದ್ದರು. ಪ್ರಶ್ನೆ ಕೇಳಿ ಟೀಚರುಗಳು ಕಾಯುವುದು ಸಾಧಾರಣ 1 ಸೆಕೆಂಡ್. 3 ಸೆಕೆಂಡಿಗಿಂತ ಹೆಚ್ಚು ಕಾದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ಇದನ್ನು ಹೇಳಿದಾಗ ಟೀಚರ್ ನಕ್ಕರು. 'ಅದಕ್ಕೆ ಅಮೆರಿಕದವರು ಬೇಕಾ?'

ನಮ್ಮೂರಲ್ಲಿ ಇದಕ್ಕೆ ಇನ್ನೊಂದು ಸಾಕ್ಷಿ ಉಂಟು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲು ಮಕ್ಕಳಿಗೆ ಯಕ್ಷಗಾನ ಕಲಿಸಿ ರಂಗಕ್ಕೆ ಹತ್ತಿಸುತ್ತದೆ. ಕ್ಲಾಸಿನಲ್ಲಿ ಹೆಸರು ಕೇಳಿದರೆ ನೆಲ ನೋಡುವ ಹುಡುಗ ವೇಷ ಕಟ್ಟಿದ ಮೇಲೆ ಸಾವಿರ ಜನರೆದುರು ಅರ್ಥ ಹೇಳುತ್ತಾನೆ. ಧೈರ್ಯ ಅವನಲ್ಲಿ ಇಲ್ಲ ಅಂತ ಹೇಗೆ ಹೇಳುವುದು? ಅಲ್ಲಿ ಅವನಿಗೆ ತಿಂಗಳುಗಟ್ಟಲೆ ತಪ್ಪಲಿಕ್ಕೆ ಬಿಟ್ಟಿರುತ್ತಾರೆ, ಅಷ್ಟೇ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದರೆ ಮಕ್ಕಳಿಗೆ ಧೈರ್ಯ ಬರ್ತದೆ ಅನ್ನುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇಂಟರ್‌ವ್ಯೂ ತೆಗೆದುಕೊಳ್ಳುವಾಗ ನೋಡ್ತೇನಲ್ಲ, ಬಾಯಿಪಾಠದ ಮೂರು ಸಾಲು ಮುಗಿದ ಮೇಲೆ ಅವರದ್ದೂ ನಮ್ಮದೇ ಮೌನ.

ಹೊರಡುವಾಗ ಟೀಚರ್ ಗೇಟಿನವರೆಗೆ ಬಂದರು. 'ನಾನು ಎಲ್ಲರನ್ನೂ ಮಾತಾಡಿಸಿದೆ ಅಂತ ತಿಳ್ಕೊಳ್ಬೇಡ' ಅಂದರು. 'ನಿನ್ನ ಹಿಂದಿನ ಬೆಂಚಿನಲ್ಲಿ ಒಬ್ಬ ಇದ್ದ. ಏಳನೇ ಕ್ಲಾಸಿಗೆ ಬರಲೇ ಇಲ್ಲ. ಅವನ ಸ್ವರ ಹೇಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.'

ನನಗೆ ಗೊತ್ತಿತ್ತು. ಗುಡ್ಡೆಯಲ್ಲಿ ಗೇರುಹಣ್ಣು ಹೆಕ್ಕುವಾಗ ಅವನಷ್ಟು ಮಾತಾಡುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಟೀಚರಿಗೆ ಅದನ್ನು ಹೇಳಬೇಕಾ ಬೇಡವಾ ಗೊತ್ತಾಗದೆ ಸುಮ್ಮನೆ ಬಂದೆ.

ಈಗ ಮೀಟಿಂಗಿನ ಪ್ರಶ್ನೆಗಳನ್ನು ಹಿಂದಿನ ಸಂಜೆಯೇ ಆ ಹುಡುಗಿಗೆ ಕಳಿಸ್ತೇನೆ. ತುಳುವಿನಲ್ಲಿ ಹೇಳಿದ್ರೂ ಆಗ್ತದೆ, ಬೇಕಾದವರಿಗೆ ನಾನು ಹೇಳ್ತೇನೆ ಅಂದಿದ್ದೇನೆ. ನಿನ್ನೆ ಅವಳು ಮತ್ತೆ 'ದ ಇಶ್ಯೂ ಈಸ್...' ಅಂತ ನಿಂತಳು. ನಾನು ಮ್ಯೂಟ್ ಒತ್ತಿ ಎಣಿಸಲು ಶುರು ಮಾಡಿದೆ. ಐದು ಆಯಿತು. ಏಳು. ಯಾರೋ ಕೆಮ್ಮಿದರು. ಒಂಬತ್ತಕ್ಕೆ ಅವಳು, 'ನಿನ್ನೆ ಸರ್ ಹೇಳಿದ್ದು ಸರಿಯಲ್ಲ' ಅಂತ ಕನ್ನಡದಲ್ಲೇ ಶುರು ಮಾಡಿದಳು.