ದುರ್ಗದ ದಾರಿಯಲ್ಲಿ ಮೈಲೇಜು ಪುರಾಣ

ಪೋಸ್ಟರ್ ಮೇಲೆ ‘ಯಶಸ್ವಿ 100ನೇ ದಿನ’ ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಟಿಕೆಟ್ ತಗೊಂಡು ಒಳಗೆ ಹೋಗಿ ನೋಡಿದರೆ ಬಾಲ್ಕನಿಯಲ್ಲಿ ನೀವು, ನಿಮ್ಮ ಸ್ನೇಹಿತ, ಜೊತೆಗೆ ಒಂದಷ್ಟು ತಿಗಣೆ! ಕಾರಿನ ಪುಸ್ತಕದಲ್ಲಿ ಅಚ್ಚಾಗಿರುವ ಮೈಲೇಜು ಕೂಡ ಇಂಥದ್ದೇ ಒಂದು ಪೋಸ್ಟರ್ ಅಂತ ನನ್ನ ಭಾವಮೈದನ ವಾದ. ಊಟಕ್ಕೆ ಕೂತಾಗೆಲ್ಲ ಅವನದ್ದು ಇದೇ ರಾಗ: “ಭಾವ, ನಿಮಗೆ ಟೋಪಿ ಬಿದ್ದಿದೆ.”

ವಿಷಯ ಏನಪ್ಪಾ ಅಂದರೆ, ನನ್ನ ಹತ್ತಿರ ಒಂದು ಕೆಂಪು ಸ್ವಿಫ್ಟ್ ಇದೆ. 2021ರ ಪೆಟ್ರೋಲ್ ಮಾಡೆಲ್, ಸಾಲದ ಮೇಲೆ ಬಂದದ್ದು. 1197 ಸಿ.ಸಿ., 90 ಅಶ್ವಶಕ್ತಿ. ತೂಕ ನೋಡಿದರೆ ಸುಮಾರು 900 ಕೆ.ಜಿ. ಮಾತ್ರ. ಕಾಲು ಒಂಚೂರು ಅದುಮಿದರೆ ಸಾಕು, ಹೀರೋ ಎಂಟ್ರಿ! 2005ರಲ್ಲಿ ಈ ಹೆಸರು ನಮ್ಮ ರಸ್ತೆಗೆ ಇಳಿದಾಗಿನಿಂದ ಪಡ್ಡೆ ಹುಡುಗರ ಕಣ್ಣು ಅದರ ಮೇಲೆ. ಪುಸ್ತಕದಲ್ಲಿ ಲೀಟರಿಗೆ 23.2 ಕಿ.ಮೀ. ಅಂತಿತ್ತು. ದಾಸರಹಳ್ಳಿ ಮನೆಯಿಂದ ಜಯನಗರದ ಆಫೀಸಿಗೆ ಹೋಗಿಬರೋದು ತಿಂಗಳಿಗೆ 900 ಕಿ.ಮೀ. ಅಂತ ಹಿಡಿದು, 39 ಲೀಟರ್ ಸಾಕು ಅಂತ ಹೆಂಡತಿಗೆ ಬರೆದು ತೋರಿಸಿದ್ದೆ. ಸಿಕ್ಕಿದ್ದು ಲೀಟರಿಗೆ 13! ಅಂದರೆ 69 ಲೀಟರ್. ಲೀಟರಿಗೆ ನೂರೇ ರೂಪಾಯಿ ಅಂತ ಹಿಡಿದರೂ ತಿಂಗಳಿಗೆ ಮೂರು ಸಾವಿರ ಹೆಚ್ಚುವರಿ. ಆ ಮೂರು ಸಾವಿರ ಎಲ್ಲಿಂದ ಹೋಯಿತು ಗೊತ್ತೇ? ಅವಳು ಚೀಟಿಗೆ ಕಟ್ಟುತ್ತಿದ್ದ ದುಡ್ಡಿನಿಂದ. ಎರಡು ಕಂತು ತಪ್ಪಿದ ಮೇಲೆ ಒಂದೇ ಮಾತು ಹೇಳಿದಳು: “ರೀ, ಮಾರಿಬಿಡಿ ಅತ್ಲಾಗೆ.”

ಮಾರೋದಕ್ಕೆ ಮುಂಚೆ ಒಂದು ಸಲ ಪರೀಕ್ಷೆ ಮಾಡೋಣ ಅಂತ ನಾನು ಹಟ ಹಿಡಿದೆ. ಎಲ್ಲಿಗೆ? ಚಿತ್ರದುರ್ಗಕ್ಕೆ. ಹೋಗುವಾಗ ನಾನು ಓಡಿಸೋದು, ಬರುವಾಗ ಭಾವಮೈದ. ಇಬ್ಬರಿಗೂ ಅದೇ ಗಾಡಿ, ಅದೇ ದಾರಿ.

ಭಾನುವಾರ ಬೆಳಿಗ್ಗೆ ನೆಲಮಂಗಲ ದಾಟಿ ಒಂದು ಬಂಕಿನಲ್ಲಿ ಟ್ಯಾಂಕ್ ತುಂಬಿಸಿದೆ. ಪೈಪು ತಾನಾಗಿ ‘ಟಕ್’ ಅಂದ ಕೂಡಲೇ ನಿಲ್ಲಿಸಬೇಕು. ಬಂಕಿನ ಹುಡುಗ “ರೌಂಡ್ ಫಿಗರ್ ಮಾಡಲಾ ಸಾರ್?” ಅಂದ, ಬೇಡಪ್ಪಾ ಅಂದೆ. ಮತ್ತೆ ತುಂಬಿಸುವಾಗಲೂ ಮೊದಲ ‘ಟಕ್’ಗೇ ನಿಲ್ಲಿಸಿ, ಓಡಿದ ಕಿಲೋಮೀಟರನ್ನು ಆಗ ಹಿಡಿದ ಲೀಟರಿನಿಂದ ಭಾಗಿಸಿದರೆ ಬರೋದೇ ನಿಜವಾದ ಮೈಲೇಜು. ಮುಂದಿನ ಗಾಜಿನ ಕೆಳಗೆ ಮಿನುಗುವ ಅಂಕಿಯನ್ನು ಪೂರ್ತಿ ನಂಬಬೇಡಿ. ಅದು ನಮ್ಮ ಅಭಿಮಾನಿ ಸಂಘದ ಅಧ್ಯಕ್ಷರಿದ್ದ ಹಾಗೆ, ಸ್ವಲ್ಪ ಜಾಸ್ತಿಯೇ ಹೇಳುತ್ತದೆ.

ಮೀಟರ್ ಸೊನ್ನೆ ಮಾಡಿ ಹೊರಟೆವು. ಐದನೇ ಗೇರು, 80ರ ವೇಗ, ಎ.ಸಿ. ಆನ್. ಲಾರಿಗಳು ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು. “ಭಾವ, ಎತ್ತಿನ ಗಾಡೀಲಿ ಕೂತಂಗಿದೆ!” ಅಂತ ಪಕ್ಕದಿಂದ ನಿಟ್ಟುಸಿರು. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಾಯಿಗೆ ತುರುಕಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ. ತುಮಕೂರು ದಾಟಿ ಸಿರಾ ಕಡೆ ಹೋಗುತ್ತಾ ತೆಂಗಿನ ತೋಟ ತೆಳ್ಳಗಾಗುತ್ತದೆ, ಬಿಸಿಲು ದಪ್ಪಗಾಗುತ್ತದೆ. ಹಿರಿಯೂರಾಯಿತು, ವೇದಾವತಿಯಾಯಿತು. ಆಮೇಲೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ರೆಕ್ಕೆ ತಿರುಗಿಸುತ್ತಾ ಕಂಡವು ಅಂದರೆ ದುರ್ಗ ಬಂತು ಅಂತಲೇ ಲೆಕ್ಕ.

ಊರ ಬಾಗಿಲಲ್ಲಿ ಬಂಕ್. ಮೀಟರಿನಲ್ಲಿ 171 ಕಿ.ಮೀ., ಹಿಡಿದದ್ದು 7.9 ಲೀಟರ್. ಲೀಟರಿಗೆ 21.6! ನಾನು ಬಂಕಿನಲ್ಲೇ ಒಂದು ಸಣ್ಣ ಸ್ಟೆಪ್ ಹಾಕಿದ್ದು ನಿಜ.

ಆಮೇಲೆ ಕೋಟೆ ಹತ್ತಿದೆವು. ದುರ್ಗಕ್ಕೆ ಹೋಗಿ ಕೋಟೆ ಹತ್ತದವನು ಸಿನಿಮಾ ಪ್ರೇಮಿಯೇ ಅಲ್ಲ! ಓಬವ್ವನ ಕಿಂಡಿಯ ಮುಂದೆ ನಿಂತಾಗ ಕಣ್ಣಿಗೆ ಬಂದದ್ದು ಒನಕೆ ಹಿಡಿದ ಜಯಂತಿಯವರೇ. 1972ರಲ್ಲಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಚಿತ್ರಕ್ಕಾಗಿ ಕ್ಯಾಮರಾ ತಂದು ಇಟ್ಟದ್ದು ಈ ಬಂಡೆಗಳ ನಡುವೆ. ತ.ರಾ.ಸು. ಕಾದಂಬರಿಯ ರಾಮಾಚಾರಿಯಾಗಿ ವಿಷ್ಣುವರ್ಧನ್ ಇಲ್ಲೇ ಸಿಡಿದದ್ದು, ಜಲೀಲನಾಗಿ ಅಂಬರೀಶ್ ಮೊದಲ ಸಲ ತೆರೆಗೆ ಬಂದದ್ದೂ ಅದೇ ಚಿತ್ರದಲ್ಲಿ. ಬಂಡೆ ಮೈಮೇಲಿನ ಬಿಸಿಲು ನೋಡಿದರೆ ಗೊತ್ತಾಗುತ್ತದೆ, ಇದನ್ನು ಯಾವ ಸ್ಟುಡಿಯೋದ ಸೆಟ್ಟಿನಲ್ಲೂ ಹಾಕೋದಕ್ಕೆ ಆಗೋದಿಲ್ಲ ಅಂತ.

ಅಲ್ಲೇ ನೆರಳಿನಲ್ಲಿ ಕೂತು ಭಾವಮೈದನಿಗೆ ವಿವರಿಸಿದೆ. “ನೋಡೋ, ಪುಸ್ತಕದ 23.2 ಇದೆಯಲ್ಲ, ಅದು ಒಳಾಂಗಣ ಚಿತ್ರೀಕರಣ.” ನಮ್ಮ ದೇಶದಲ್ಲಿ ಈ ಪರೀಕ್ಷೆ ನಡೆಸುವ ಸಂಸ್ಥೆಗಳಲ್ಲಿ ಹೆಸರಾದದ್ದು ಪುಣೆಯ ಎ.ಆರ್.ಎ.ಐ. ಅಲ್ಲಿ ಗಾಡಿಯ ಚಕ್ರವನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ಸುತ್ತುತ್ತದೆ, ಗಾಡಿ ನಿಂತಲ್ಲೇ ಇರುತ್ತದೆ! ಎ.ಸಿ. ಆಫ್. ಎಷ್ಟು ಹೊತ್ತಿಗೆ ಎಷ್ಟು ವೇಗ ಅನ್ನೋದು ಮೊದಲೇ ಬರೆದಿಟ್ಟ ಚಿತ್ರಕಥೆ. ಇಪ್ಪತ್ತು ನಿಮಿಷಕ್ಕೂ ಕಡಿಮೆ ಓಟ, ಹೆಚ್ಚೆಂದರೆ 90ರ ವೇಗ. ಎಲ್ಲ ಕಂಪನಿಯ ಗಾಡಿಗೂ ಅದೇ ಚಿತ್ರಕಥೆಯಾದ್ದರಿಂದ ಒಂದನ್ನೊಂದು ಹೋಲಿಸಿ ನೋಡೋದಕ್ಕೆ ಆ ಅಂಕಿ ಬೇಕು. ಅದು ಸುಳ್ಳಲ್ಲ. ಆದರೆ ಆ ಚಿತ್ರಕಥೆಯಲ್ಲಿ ಗೊರಗುಂಟೆಪಾಳ್ಯದ ಸಿಗ್ನಲ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ, ನನ್ನ ನಿನ್ನಂಥವರ ಕಾಲಂತೂ ಇಲ್ಲವೇ ಇಲ್ಲ.

ಅವನಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. “ನಾನು ಓಡಿಸಿ ತೋರಿಸ್ತೀನಿ ಇರಿ. ಅದಕ್ಕೂ ಮೊದಲು ದಾವಣಗೆರೆಗೆ ಹೋಗಿ ಬೆಣ್ಣೆದೋಸೆ ತಿಂದು ಬರೋಣ” ಅಂದ. ನನಗೆ ಮನಸ್ಸಾಗಲಿಲ್ಲ. ಆ ದಾರಿಯಲ್ಲಿ ಆನಗೋಡು ಸಿಗುತ್ತದೆ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರಿನ ಪ್ರಯಾಣ ಅಲ್ಲಿಗೇ ನಿಂತುಹೋಯಿತು. ಆಗ ಅವರ ವಯಸ್ಸು ಮೂವತ್ತೈದು. ಕಾರಣ ಹೇಳದೆ ಕೀಲಿ ಅವನ ಕೈಗೆ ಕೊಟ್ಟೆ.

ಸಂಜೆ ಐದೂವರೆಗೆ ಹೊರಟೆವು. ದುರ್ಗ ಬಿಟ್ಟದ್ದೇ ತಡ, ಮುಳ್ಳು 110, ಕೆಲವು ಸಲ 120. ರಸ್ತೆ ಬದಿಯ ಬೋರ್ಡಿನ ಅಂಕಿ ಅವನಿಗೆ ಕಾಣಲೇ ಇಲ್ಲ. ಒಂದು ಲಾರಿ ಕಂಡರೆ ಗೇರ್ ಇಳಿಸೋದು, ಗರ್ರ್ ಅಂತ ಎಂಜಿನ್ ಎಬ್ಬಿಸೋದು, ನುಗ್ಗೋದು, ಮತ್ತೆ ಬ್ರೇಕ್. ಸುಳ್ಳು ಯಾಕೆ ಹೇಳಲಿ, ಮಜಾ ಇತ್ತು! ಈ ಗಾಡಿಯ ಪೂರ್ತಿ ಶಕ್ತಿ ಹೊರಬರೋದು ನಿಮಿಷಕ್ಕೆ 6000 ಸುತ್ತಿನಲ್ಲಿ. ಆ ಸದ್ದು ಕೇಳಿದರೆ ಎಂಥವನ ಕಾಲೂ ತಾನಾಗಿ ಕೆಳಗಿಳಿಯುತ್ತದೆ. ಆದರೆ ಗಾಳಿ ಸುಮ್ಮನೆ ದಾರಿ ಬಿಡೋದಿಲ್ಲ. 80ರಲ್ಲಿ ಅದು ಎಷ್ಟು ತಡೆಯುತ್ತದೋ, 110ರಲ್ಲಿ ಹೆಚ್ಚುಕಡಿಮೆ ಅದರ ಎರಡು ಪಟ್ಟು ತಡೆಯುತ್ತದೆ. ಇನ್ನು ಬ್ರೇಕು! ಪೆಟ್ರೋಲ್ ಸುಟ್ಟು ಗಳಿಸಿದ ವೇಗವನ್ನೆಲ್ಲ ಬಿಸಿ ಮಾಡಿ ಗಾಳಿಗೆ ತೂರೋದೇ ಬ್ರೇಕಿನ ಕೆಲಸ.

ಸಿರಾ ಹತ್ತಿರ ಮಬ್ಬುಗತ್ತಲು. ನಡುವಿನ ಡಿವೈಡರ್ ಸಂದಿಯಿಂದ ಒಂದು ಟ್ರಾಕ್ಟರ್, ಹಿಂದೆ ಟ್ರೇಲರ್, ಒಂದೇ ಒಂದು ದೀಪವಿಲ್ಲ, ಮೆಲ್ಲಗೆ ನಮ್ಮ ದಾರಿಗೆ ಅಡ್ಡ ಬಂತು. ಬ್ರೇಕ್ ತುಳಿದ. ಟಯರ್ ಕಿರುಚಿತು. ಸೀಟಿನ ಮೇಲಿದ್ದ ನೀರಿನ ಬಾಟಲಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಟ್ರೇಲರಿಗೂ ನಮಗೂ ಒಂದು ಮಾರು ಜಾಗ ಇತ್ತೋ ಏನೋ. ಟ್ರಾಕ್ಟರಿನವನು ತಿರುಗಿ ಕೂಡ ನೋಡಲಿಲ್ಲ.

ರಸ್ತೆ ಪಕ್ಕ ನಿಲ್ಲಿಸಿ ಇಬ್ಬರೂ ಹತ್ತು ನಿಮಿಷ ಮಾತಿಲ್ಲದೆ ನಿಂತೆವು. ಆಮೇಲೆ ಹೊರಟಾಗ ಮುಳ್ಳು 85 ದಾಟಲಿಲ್ಲ. ನಾನೇನೂ ಹೇಳಲಿಲ್ಲ.

ನೆಲಮಂಗಲದ ಹತ್ತಿರ ಯೂ ಟರ್ನ್ ಹೊಡೆದು ಬೆಳಗಿನ ಬಂಕಿಗೇ ಹೋದೆವು. ಈ ಸಲ ಹಿಡಿದದ್ದು 10.2 ಲೀಟರ್. ಲೀಟರಿಗೆ 17ರ ಒಳಗೇ! ಕೊನೆಯ ಅರ್ಧ ದಾರಿ ನಿಧಾನಕ್ಕೆ ಬಂದೂ ಇಷ್ಟು. ನ್ಯಾಯವಾಗಿ ಹೇಳಬೇಕು: ದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ, ಬೆಂಗಳೂರು 900 ಮೀಟರಿಗೂ ಮೇಲೆ. ಅಂದರೆ ನನಗೆ ಇಳಿಜಾರು, ಅವನಿಗೆ ಏರು. ಆ ಬಾಬ್ತಿಗೆ ಕಾಲು ಲೀಟರ್ ಮಾಫಿ ಮಾಡಿದರೂ ಎರಡು ಲೀಟರ್ ಅವನ ಕಾಲಿನ ಖಾತೆಗೇ ಸೇರಬೇಕು. ನಿಂತ ಹತ್ತು ನಿಮಿಷ ಬಿಟ್ಟರೆ ಅವನು ಉಳಿಸಿದ ಸಮಯ ಇಪ್ಪತ್ತೈದು ನಿಮಿಷ.

ಆ ಇಪ್ಪತ್ತೈದು ನಿಮಿಷ ಮಾದಾವರದ ಜಾಮಿನಲ್ಲೇ ಕರಗಿಹೋಯಿತು. ಮೊದಲನೇ ಗೇರು, ನ್ಯೂಟ್ರಲ್, ಮೊದಲನೇ ಗೇರು, ನ್ಯೂಟ್ರಲ್. ನಿಂತ ಗಾಡಿಯ ಮೈಲೇಜು ಸೊನ್ನೆ, ಅದನ್ನು ಯಾವ ಕಂಪನಿಯೂ ರಿಪೇರಿ ಮಾಡೋದಕ್ಕೆ ಆಗೋದಿಲ್ಲ. ನನ್ನ 13ರ ರಹಸ್ಯ ಇಲ್ಲೇ ಇತ್ತು! ಎಂಜಿನ್ ಆಫ್ ಮಾಡಿಸಿದೆ. ತಲೆಯ ಮೇಲೆ ಹಸಿರು ಮಾರ್ಗದ ಮೆಟ್ರೋ ದೀಪ ಹಾಕ್ಕೊಂಡು ಹೋಯಿತು. ನಾವು ಒಂದು ಲೈಟ್ ಕಂಬ ದಾಟುವಷ್ಟರಲ್ಲಿ ಇನ್ನೊಂದು ಹೋಯಿತು.

“ಅದು ಜಯನಗರಕ್ಕೂ ಹೋಗುತ್ತಲ್ವಾ ಭಾವ?” ಅಂದ.

“ಹೂಂ. ದಾಸರಹಳ್ಳಿಯಲ್ಲಿ ಹತ್ತಿದರೆ ನೇರ ಜಯನಗರ.”

ಮನೆಗೆ ಬಂದಾಗ ಒಂಬತ್ತು. ಬಾಗಿಲು ತೆಗೆದ ಹೆಂಡತಿ ಮೊದಲು ತಮ್ಮನ ಮುಖ ನೋಡಿದಳು, ಆಮೇಲೆ ನನ್ನದು. “ಎಷ್ಟು ಬಂತ್ರೀ?” ಅಂದಳು. ನಾನು ಕಾರಿನ ಕೀಲಿಯನ್ನು ಅವಳ ಚೀಟಿ ಪುಸ್ತಕದ ಮೇಲಿಟ್ಟು, ನಾಳೆ ಆಫೀಸಿಗೆ ಮೆಟ್ರೋದಲ್ಲಿ ಹೋಗ್ತೀನಿ ಅಂದೆ.