ಗೋತ್ರ ಗೊತ್ತಿಲ್ಲದವನ ಕಾಶಿ

ದರ್ಶನ ಆಗಲಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಕಾಶಿಯಲ್ಲಿ ಮೂರು ದಿನ ಇದ್ದೂ ವಿಶ್ವನಾಥನ ಸಾಲಿನಲ್ಲಿ ನಾನು ನಿಲ್ಲಲಿಲ್ಲ. ದೇವರ ಮೇಲೆ ಸಿಟ್ಟೇನಿಲ್ಲ, ನಂಬಿಕೆ ಇಲ್ಲ, ಅಷ್ಟೆ. ಹೋಗಿದ್ದು ಘಾಟ್‌ಗಳನ್ನು ನೋಡಲು, ಗಲ್ಲಿ ಸುತ್ತಲು, ಮಣ್ಣಿನ ಕುಡಿಕೆಯಲ್ಲಿ ಲಸ್ಸಿ ಕುಡಿಯಲು. ಹೊರಡುವಾಗ ಅಮ್ಮ ಕೇಳಿದ್ದು ಒಂದೇ: "ಒಂದು ಗಿಂಡಿ ಗಂಗೆ ತಗೊಂಡು ಬಾ." ಅಪ್ಪ ಹೋಗಿ ಒಂದು ವರ್ಷವಾಗಿತ್ತು. ಕಾರ್ಯವನ್ನೆಲ್ಲ ಅಣ್ಣ ಮಾಡಿದ್ದ. ನಾನು ಪಕ್ಕದಲ್ಲಿ ನಿಂತಿದ್ದೆ.

ಮೊದಲ ಬೆಳಗ್ಗೆಯೇ ದಶಾಶ್ವಮೇಧ ಘಾಟ್‌ನಲ್ಲಿ ಸಿಕ್ಕಿಬಿದ್ದೆ. ಬಿದಿರಿನ ಛತ್ರಿಯ ಕೆಳಗೆ ಕೂತಿದ್ದ ಪುರೋಹಿತರೊಬ್ಬರು ಕರೆದು "ಗೋತ್ರ?" ಎಂದರು. ಗೊತ್ತಿಲ್ಲ ಅಂದೆ. ಪರವಾಗಿಲ್ಲ, ಗೊತ್ತಿಲ್ಲದವರಿಗೆಲ್ಲ ಕಾಶ್ಯಪ ಗೋತ್ರ ಅಂತ ಚೊಂಬು ಎತ್ತಿಯೇಬಿಟ್ಟರು. "ನಾನು ನಂಬಲ್ಲ" ಎನ್ನುವುದನ್ನು ನನ್ನ ಹರಕು ಹಿಂದಿಯಲ್ಲಿ ಮರ್ಯಾದೆಯಾಗಿ ಹೇಳುವುದು ಹೇಗೆ? ಸ್ನಾನ ಮಾಡಿ ಬರ್ತೀನಿ ಅಂತ ಸುಳ್ಳು ಹೇಳಿ ಜಾರಿಕೊಂಡೆ. ಆಮೇಲೆ ಎರಡು ದಿನ ಅವರ ಕಣ್ಣು ತಪ್ಪಿಸಲು ಹಿಂದಿನ ಗಲ್ಲಿಯಲ್ಲೇ ಓಡಾಟ! ಪಕ್ಕದಲ್ಲಿ ಕ್ಯಾಮೆರಾ ಹಿಡಿದಿದ್ದ ವಿದೇಶಿ ಜೋಡಿಯ ಗೋತ್ರವನ್ನು ಯಾರೂ ಕೇಳಲಿಲ್ಲ. ಅವರಿಗೆ ಪ್ರವಾಸಿಗರಾಗಿರಲು ಬಿಡುತ್ತಾರೆ. ನನ್ನ ಮುಖಕ್ಕೆ ಆ ರಿಯಾಯಿತಿ ಇಲ್ಲ.

ಸಂಜೆ ಮಣಿಕರ್ಣಿಕಾ ಘಾಟ್‌ಗೆ ಹೋದೆ. ಹಗಲು ರಾತ್ರಿ ಚಿತೆ ಉರಿಯುವ ಜಾಗ. ಸೌದೆಯ ರಾಶಿ, ಹೊಗೆ, ಹಿಂದೆ ಮಸಿ ಹಿಡಿದ ಗುಡಿಗಳು. ಕೈ ತಾನಾಗಿಯೇ ಫೋನ್ ಎತ್ತಿತ್ತು. ಅಲ್ಲಿ ಫೋಟೊ ತೆಗೆಯಬಾರದು ಅನ್ನೋದು ಗೊತ್ತಿಲ್ಲದ ವಿಷಯವೇನಲ್ಲ. ಪರದೆಯ ಮೂಲೆಯಲ್ಲಿ ತಲೆ ಬೋಳಿಸಿಕೊಂಡು ಬಿಳಿ ಬಟ್ಟೆ ಉಟ್ಟ ಹುಡುಗನೊಬ್ಬ ಕಂಡ. ನನ್ನನ್ನೇ ನೋಡುತ್ತಿದ್ದ. ಬೈಯಲಿಲ್ಲ, ಏನೂ ಅನ್ನಲಿಲ್ಲ. ಹೋದ ವರ್ಷ ನಮ್ಮಣ್ಣ ಹಾಗೇ ಕೂತಿದ್ದ. ಫೋನ್ ಜೇಬಿಗಿಟ್ಟೆ. ನಾಚಿಕೆಯಾಗಲು ನಂಬಿಕೆಯೇನೂ ಬೇಕಿರಲಿಲ್ಲ. ಅಲ್ಲೇ ನಿಲ್ಲಲೂ ಆಗದೆ, ಹೋಗಲೂ ಆಗದೆ, ಕೈ ಕಟ್ಟಿಕೊಂಡು ಎಷ್ಟು ಹೊತ್ತು ನಿಂತಿದ್ದೆನೋ.

ಕೊನೆಯ ದಿನ ಕೇದಾರ ಘಾಟ್. ಕೆಂಪು ಬಿಳಿ ಪಟ್ಟೆಯ ಮೆಟ್ಟಿಲು, ದಕ್ಷಿಣದವರ ಓಡಾಟ ಜಾಸ್ತಿ. ಅಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಕೇಳಿ ಅಜ್ಜಿಯೊಬ್ಬರು ಹತ್ತಿರ ಬಂದರು.

"ಏನ್ ಬಿಟ್ಟೆಪ್ಪಾ?"

ಕಾಶಿಗೆ ಹೋದವರು ಇಷ್ಟದ ತರಕಾರಿಯನ್ನೋ ಹಣ್ಣನ್ನೋ ಬಿಟ್ಟು ಬರಬೇಕಲ್ಲ, ಅದು. ಏನೂ ಬಿಟ್ಟಿಲ್ಲ ಅಜ್ಜಿ, ಸುಮ್ನೆ ನೋಡೋಕೆ ಬಂದೆ ಅಂದೆ. ಮೂರು ದಿನದಲ್ಲಿ ಹೇಳಿದ ಮೊದಲ ನಿಜ. ಉಪದೇಶ ಬರುತ್ತೆ ಅಂತ ಕಾದೆ.

"ನೋಡು ಮತ್ತೆ, ಅದಕ್ಕೇನಂತೆ. ನಮ್ಮನೆಯವ್ರು ಹಾಗಲಕಾಯಿ ಬಿಟ್ರು. ಹುಟ್ಟಿದಾಗಿನಿಂದ ಅದನ್ನ ಮುಟ್ಟಿದವರಲ್ಲ!"

ಇಬ್ಬರೂ ನಕ್ಕೆವು. ಕೈಲಿದ್ದ ಖಾಲಿ ಗಿಂಡಿ ನೋಡಿ, "ಅಂಗಡೀಲಿ ತುಂಬಿಸಿ ಮುಚ್ಚಿದ್ದು ತಗೋಬೇಡ. ನೀನೇ ತುಂಬಿಸು, ಮನೇಲಿ ಕೇಳ್ತಾರೆ" ಅಂದರು. ಪ್ಯಾಂಟ್ ಮಡಚಿ ಎರಡು ಮೆಟ್ಟಿಲು ನೀರಿಗಿಳಿದೆ. ಮಂತ್ರ ಗೊತ್ತಿರಲಿಲ್ಲ. ಅಪ್ಪನ ಹೆಸರು ಬಾಯಿಗೆ ಬಂತು. ಅದನ್ನು ಏನಂತ ಕರೆಯಬೇಕೋ ನನಗೆ ಗೊತ್ತಿಲ್ಲ. ಕರೆಯೋದೂ ಬೇಡ. ಬಾಯಿಗೆ ಬೆಸುಗೆ ಹಾಕಿಸಿಕೊಂಡು ರೂಮಿಗೆ ಬಂದೆ.

ಬೆಂಗಳೂರಿನಲ್ಲಿ ಅಮ್ಮ ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು. "ನೀನೇ ತುಂಬಿಸಿದ್ದಾ?"

"ಹೂಂ."

ದರ್ಶನದ ಮಾತೇ ಎತ್ತಲಿಲ್ಲ. ಮುಂದಿನ ಭಾನುವಾರ ಗಂಗಾ ಸಮಾರಾಧನೆಯಂತೆ. ಬಡಿಸೋಕೆ ನಾನು ಇರಲೇಬೇಕಂತೆ.